ಮೂರನೇ ನಂಬರ್ ಮಷೀನಿನ ಮಳೆಗಾಲ

ಕಳೆದ ವಾರ ಕೊಟ್ಟಿಗೆಹಾರದ ಬಸ್ಸಿಗೆ ಕಾಯುತ್ತ ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು ಒಂದು ಮೊಬೈಲ್ ರಿಪೇರಿ ಅಂಗಡಿಯ ಸೂರಿನಡಿ ನಿಂತಿದ್ದೆ. ಒಳಗೆ ಒಬ್ಬಾತ ಮಳೆಗೆ ನೆನೆದ ಫೋನನ್ನು ಬಿಚ್ಚಿ ನಲವತ್ತು ಕ್ಯಾಂಡಲ್ ಬಲ್ಬಿನ ಕೆಳಗೆ ಒಣಗಲು ಇಟ್ಟಿದ್ದ. ಬಿಸಿಯಾದ ಧೂಳು, ಥಂಡಿ ಹಿಡಿದ ರಟ್ಟು, ಚೂರು ಕಾದ ಪ್ಲಾಸ್ಟಿಕ್ಕು, ಎಲ್ಲ ಸೇರಿದ ವಾಸನೆ ಬಂತು. ನನ್ನ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ಅದೇ ಅಂಗಡಿಯ ಮೇಲಿನ ಮಹಡಿಯಲ್ಲಿ ಮಂಜಣ್ಣನವರ ಬ್ರೌಸಿಂಗ್ ಸೆಂಟರ್ ಇತ್ತು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಒಂದು ಮಳೆಗಾಲವನ್ನು ನಾನು ಅಲ್ಲಿ ಕಳೆದೆ. ಇವತ್ತು ಕಾಲೇಜಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳಿ ಊಟ ಮಾಡುತ್ತಿದ್ದೇನೆ. ಆ ಪಾಠದಲ್ಲಿ ಮುಖ್ಯವಾದದ್ದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಆ ಮಳೆಗಾಲದಿಂದ.

ನಮ್ಮ ಮನೆಯಲ್ಲಿ ಏಳನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಅಮ್ಮ ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟೊಂದರಲ್ಲಿ ಚಿಗುರು ತೆಗೆಯುವ, ಹಣ್ಣು ಕೊಯ್ಯುವ ಆಳು. ನಾವಿದ್ದದ್ದು ಲೈನ್ ಮನೆಯಲ್ಲಿ. ಉದ್ದಕ್ಕೆ ಒಂದೇ ಮಾಡು, ಹನ್ನೆರಡು ಬಾಗಿಲು. ಚಿಕ್ಕಮಗಳೂರಿನ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದೆ. ಡಿಗ್ರಿ ಸರ್ಟಿಫಿಕೇಟನ್ನು ಅಮ್ಮ ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗೋಡೆಯ ಮೊಳೆಗೆ ತೂಗುಹಾಕಿದ್ದಳು. ಮನೆಗೆ ಯಾರೇ ಬರಲಿ, ರೇಷನ್ ಕಾರ್ಡು ತೆಗೆಯುವ ನೆಪ ಮಾಡಿ ಅದನ್ನು ಹೊರಗೆ ತೆಗೆಯುತ್ತಿದ್ದಳು. ಮಂಜಣ್ಣ ನನ್ನನ್ನು ಕೆಲಸಕ್ಕೆ ಕರೆದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕೂತು ಮಾಡೋ ಕೆಲ್ಸನಾ?"

ಕೂತು ಮಾಡುವ ಕೆಲಸವೇ. ಐದು ಮಷೀನು, ಒಂದು ಫೋನ್ ಲೈನು. ಮಂಜಣ್ಣ ಮೊದಲು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಯಾವ ಯಂತ್ರ ಕೆಟ್ಟರೂ ಅವರ ಪ್ರಕಾರ ಕಾರಣ ಒಂದೇ, ಥಂಡಿ. ಜೂನ್ ತಿಂಗಳು ಬಂತೆಂದರೆ ಪ್ರತಿ ಕಂಪ್ಯೂಟರಿನ ಡಬ್ಬದೊಳಗೆ ಒಂದು ಬಲ್ಬು ಇಳಿಬಿಡುತ್ತಿದ್ದರು. ಬೆಳಿಗ್ಗೆ ಅರ್ಧ ಗಂಟೆ ಬಲ್ಬು ಉರಿಸಿ, ಆಮೇಲೆ ಸ್ವಿಚ್ಚು ಹಾಕಬೇಕು. ಮಷೀನು ಮುನಿಸಿಕೊಂಡರೆ ರ‍್ಯಾಮ್ ಪಟ್ಟಿ ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸಬೇಕು. ನಗಬೇಡಿ, ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು.

ಇನ್ನೊಂದು ಪದ್ಧತಿ ಅಲ್ಲಿ ತಾನಾಗಿ ಬೆಳೆದಿತ್ತು. ಬಂದವರಿಗೆ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ. ಅದನ್ನು ಚೀಟಿಯಲ್ಲಿ ಬರೆದು ನನ್ನ ಕೈಗೇ ಕೊಡುತ್ತಿದ್ದರು: "ಗಿರಿಜಾ, ನಿನ್ ಹತ್ರನೇ ಇರ್ಲಿ." ಎಸ್ಟೇಟಿನಲ್ಲಿ ಎಲ್ಲ ಬಾಗಿಲುಗಳ ಬೀಗದಕೈ ಲೆಕ್ಕ ಬರೆಯುವ ರೈಟರ ಮನೆಯ ಹಲಗೆಯ ಮೇಲೆ ತೂಗುತ್ತವಲ್ಲ, ಹಾಗೆ. ಮೇಜಿನ ಡ್ರಾಯರಿನಲ್ಲಿ ಚೀಟಿಗಳ ಒಂದು ಕಟ್ಟೇ ಇತ್ತು. ಲೈನಿನ ಹುಡುಗಿಯ ಕೈಯಲ್ಲಿ ಇಡೀ ಪೇಟೆಯ ಬೀಗದಕೈ. ಒಳಗೊಳಗೇ ನನಗೆ ಅದೊಂದು ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಚೀಟಿ ಕೊಟ್ಟವರಲ್ಲಿ ಪದ್ಮಯ್ಯ ರೈಟರೂ ಒಬ್ಬರು. ಅಮ್ಮ ದುಡಿಯುವ ಎಸ್ಟೇಟಿನಲ್ಲೇ ಮೂವತ್ತು ವರ್ಷ ಹಾಜರಿ ಬರೆದು, ಲೆಕ್ಕ ನೋಡಿ, ನಿವೃತ್ತರಾಗಿ ಬಣಕಲ್‌ನಲ್ಲಿ ಮನೆ ಮಾಡಿದ್ದರು. ಹಾಜರಿಗಿಂತ ಅವರಿಗೆ ಪ್ರೀತಿಯಿದ್ದದ್ದು ಮಳೆಯ ಮೇಲೆ. ದಿನಾ ಬೆಳಿಗ್ಗೆ ಬಂಗಲೆಯ ಮುಂದಿನ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಇಷ್ಟು ಇಂಚು, ಇಂಚಿನ ನೂರರಲ್ಲಿ ಇಷ್ಟು ಸೆಂಟು ಎಂದು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ವರ್ಷಕ್ಕೊಂದು ಪುಸ್ತಕ. ಎಸ್ಟೇಟು ಕೈ ಬದಲಾದಾಗ ಹೊಸಬರು ಆ ಪುಸ್ತಕಗಳನ್ನು ಎಸೆಯಲು ಹೊರಟರಂತೆ. ಇವರು ಗೋಣಿಚೀಲದಲ್ಲಿ ತುಂಬಿ ಮನೆಗೆ ತಂದರು. ಮನೆಯಲ್ಲಿ ಗೆದ್ದಲು ಹತ್ತಿತು. ಇ-ಮೇಲಿನಲ್ಲಿ ಇಟ್ಟದ್ದಕ್ಕೆ ಗೆದ್ದಲು ಹಿಡಿಯುವುದಿಲ್ಲ ಎಂದು ಯಾರೋ ಹೇಳಿದರು.

ಆಗಿನಿಂದ ಭಾನುವಾರ ಬಿಟ್ಟು ದಿನಾ ಹತ್ತು ಗಂಟೆಯ ಬಸ್ಸಿಗೆ ಬರುತ್ತಿದ್ದರು. ಮೂರನೇ ನಂಬರ್ ಮಷೀನು, ಕಿಟಕಿಯ ಪಕ್ಕದ್ದು, ಅವರದು. ಮೊದಲು ಯಾರೋ ಹವ್ಯಾಸಕ್ಕೆ ನಡೆಸುತ್ತಿದ್ದ ಒಂದು ಪುಟ ತೆರೆದು ಅರಬ್ಬಿ ಸಮುದ್ರದ ಮೇಲಿನ ಮೋಡಗಳ ಚಿತ್ರ ನೋಡುವರು. ಆಮೇಲೆ ಮೇಲ್ ತೆರೆದು, ಒಂದೇ ಬೆರಳಿನಲ್ಲಿ ಹಳೆಯ ಪುಸ್ತಕದ ಒಂದು ತಿಂಗಳ ಮಳೆ ಟೈಪು ಮಾಡಿ, ತಮಗೆ ತಾವೇ ಕಳಿಸಿಕೊಳ್ಳುವರು. ಒಂದು ವರ್ಷ ಮುಗಿಯಿತೆಂದರೆ ಆ ಪುಸ್ತಕ ಬಚ್ಚಲೊಲೆಗೆ.

"ಯಾಕೆ ರೈಟ್ರೇ, ಇಟ್ಕೊಳ್ಳಿ ಅಲ್ವಾ?" ಎಂದು ನಾನೊಮ್ಮೆ ಕೇಳಿದ್ದೆ.

"ಗೆದ್ದಲಿನ ಪುಸ್ತಕ ಮಾರಾಯ್ತಿ. ಒಂದು ಇಟ್ರೆ ಉಳಿದದ್ದಕ್ಕೂ ಹತ್ಕೊಳ್ತದೆ. ಇಲ್ಲಿ ಭದ್ರ ಆಯ್ತಲ್ಲ."

ಆ ಜೂನಿನಲ್ಲಿ ಮೂರನೇ ನಂಬರಿನ ಬ್ರೌಸರು ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳಲು ಶುರುವಾಯಿತು. ಪದ್ಮಯ್ಯ ಮೋಡ ನೋಡುತ್ತಿದ್ದಂತೆ ಪರದೆ ಒಂದು ಕ್ಷಣ ಕಲ್ಲಿನಂತೆ ನಿಂತು ಪುಟವೇ ಮಾಯ. ಮತ್ತೆ ತೆರೆದರೆ ಏನೂ ಆಗದವರ ಹಾಗೆ ಕೆಲಸ ಮಾಡುತ್ತಿತ್ತು. "ಕಿಟಕಿ ಪಕ್ಕ ಅಲ್ವಾ, ಮಳೆ ಇರುಚಲು ಹೊಡೀತದೆ" ಎಂದು ಮಂಜಣ್ಣ ನಲವತ್ತರ ಬಲ್ಬು ತೆಗೆದು ಅರವತ್ತರದು ಹಾಕಿದರು. ನಾನು ರಬ್ಬರು ಹಿಡಿದು ಉಜ್ಜಿದೆ. ಕೌಂಟರಿನ ಪುಸ್ತಕದಲ್ಲಿ ದಿನಾ ಬರೆದೆ: ಮೂರು, ಮುಚ್ಚಿತು. ಮೂರು, ಮುಚ್ಚಿತು.

ಜುಲೈ ನಡುವಿನಲ್ಲಿ ಪದ್ಮಯ್ಯ ಹತ್ತರ ಬಸ್ಸಿಗೆ ಬರುವ ಬದಲು ಎಂಟಕ್ಕೇ ಬಂದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಹಿಂದಿನ ದಿನ ಎಸ್ಟೇಟಿನ ಹಳೆಯ ಧಣಿಗಳು ಬೆಂಗಳೂರಿನಿಂದ ಫೋನು ಮಾಡಿದ್ದರಂತೆ.

"ಪದ್ಮಯ್ಯ, ಈ ವಯಸ್ಸಲ್ಲಿ ಎಂಥ ವ್ಯಾಪಾರ ಹಿಡ್ದಿದ್ದೀರಿ ಅಂತ ಕೇಳಿದ್ರು," ಎಂದು ಅವರು ನೆಲ ನೋಡುತ್ತ ಹೇಳಿದರು. "ನನ್ನ ಹೆಸ್ರಲ್ಲಿ ಅವ್ರಿಗೆ ಗಂಡಸ್ರ ಮಾತ್ರೆ ಬೇಕಾ ಅಂತ ಪತ್ರ ಹೋಗ್ಯದೆ. ಒಂದಲ್ಲ, ಹನ್ನೊಂದು."

ಮೇಲ್ ತೆರೆಯಲು ನೋಡಿದೆವು. ತೆರೆಯಲಿಲ್ಲ. ಸಾವಿರಾರು ಜನರಿಗೆ ಕಸದ ಪತ್ರ ಕಳಿಸಿದ್ದಕ್ಕಾಗಿ ಖಾತೆ ಮುಚ್ಚಲಾಗಿದೆ ಎಂದು ಎರಡು ಸಾಲು ಇಂಗ್ಲಿಷಿನಲ್ಲಿತ್ತು. ಕಂಪನಿಗೆ ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಅದೇ ಎರಡು ಸಾಲು ಬಂತು. ಒಂಬತ್ತು ವರ್ಷದ ಮಳೆ ಆ ಪೆಟ್ಟಿಗೆಯೊಳಗಿತ್ತು. ಪುಸ್ತಕಗಳು ಬಚ್ಚಲೊಲೆಯಲ್ಲಿ ಬೂದಿಯಾಗಿದ್ದವು. ತಿಂಗಳ ಮೊತ್ತವಾದರೆ ಬೇರೆಲ್ಲಾದರೂ ಸಿಕ್ಕೀತು. ಯಾವ ದಿನ ಎಷ್ಟು ಬಂತೆಂಬುದು ಇನ್ನು ಯಾರಿಗೂ ಸಿಗುವಂತಿರಲಿಲ್ಲ.

ಪದ್ಮಯ್ಯ ನನ್ನನ್ನು ಏನೂ ಕೇಳಲಿಲ್ಲ. ಪೇಟೆ ಕೇಳಿತು. ಅವರ ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೆ: ಅವರಿಗೆ, ನನಗೆ. ಬಟ್ಟೆ ಅಂಗಡಿಯ ನಾಗರಾಜ ಚೀಟಿ ವಾಪಸು ಕೇಳಲು ಬಂದವನು ಮಂಜಣ್ಣನವರಿಗೆ ಹೇಳುವ ಹಾಗೆ ನನಗೆ ಹೇಳಿದ: "ಲೈನಿಂದ ಬಂದವ್ರ ಕೈಗೆ ಊರ ಬೀಗ್ದಕೈ ಕೊಟ್ಟಿದ್ದು ನಮ್ದೇ ತಪ್ಪು ಬಿಡಿ." ಒಂದು ವಾರದಲ್ಲಿ ಡ್ರಾಯರು ಖಾಲಿಯಾಯಿತು. ಕೆಲವರು ಚೀಟಿ ಇಸಿದುಕೊಂಡು ನನ್ನ ಮುಂದೆಯೇ ಹರಿದರು.

"ನಾನು ನಿನ್ ಮೇಲೆ ಹೇಳ್ತಿಲ್ಲ ಗಿರಿಜಾ," ಮಂಜಣ್ಣ ಕೆಟ್ಟವರಲ್ಲ, ಹೇಳುವಾಗ ಬಲ್ಬಿನ ವೈರು ಸುಮ್ಮನೆ ತಿರುವುತ್ತಿದ್ದರು. "ಜನ ಬರೋದು ನಿಂತ್ರೆ ಎಂತ ಮಾಡೂದು? ತಿಂಗಳು ಮುಗಿಲಿ, ನೋಡಣ."

ಮನೆಯಲ್ಲಿ ಅಮ್ಮನಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊರಟು ನಿಂತಿದ್ದಳು.

"ಎಲ್ಲಿಗೆ?"

"ಬಣಕಲ್ಲಿಗೆ. ರೈಟ್ರ ಕಾಲಿಗೆ ಬಿದ್ದು ಬರ್ತೀನಿ. ನಂ ಹುಡ್ಗಿ ತಿಳೀದೆ ಮಾಡ್ಬಿಟ್ಟದೆ ಅಂತೀನಿ."

"ನಾನು ಮಾಡಿಲ್ಲ ಅಮ್ಮ."

"ಮಾಡಿಲ್ಲ ಅಂತ ನಂಗೆ ಗೊತ್ತಿಲ್ವಾ? ಬಿದ್ರೆ ಮುಗ್ದು ಹೋಗ್ತದೆ. ನಾನೆಷ್ಟು ಸಲ ಬಿದ್ದಿಲ್ಲ."

ಅಮ್ಮ ಅದನ್ನು ದುಃಖದಿಂದ ಹೇಳಲಿಲ್ಲ. ಮಳೆಗೆ ಕೊಪ್ಪೆ ಹಾಕಿಕೊಳ್ಳುವಷ್ಟೇ ಸಲೀಸಾಗಿ ಹೇಳಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಗೋಡೆಯ ಮೇಲಿದ್ದ ಪ್ಲಾಸ್ಟಿಕ್ ಚೀಲ ತೋರಿಸಿ, "ಅದನ್ನ ಓದಿದ್ದು ಇದಕ್ಕೇ. ಮಾಡದ ತಪ್ಪಿಗೆ ಇನ್ನು ಯಾರೂ ಬೀಳೋದು ಬೇಡ," ಎಂದೆ. ಅಮ್ಮ ಕೊಪ್ಪೆ ತೆಗೆದಿಟ್ಟಳು. ಒಪ್ಪಿದ್ದಕ್ಕಲ್ಲ, ನನ್ನ ಮುಖ ನೋಡಿ.

ಮಾತು ದೊಡ್ಡದಾಡಿದ್ದೆ. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಗಿರಾಕಿ ಇಲ್ಲದ ಸೆಂಟರಿನಲ್ಲಿ ಕೂತು ಕೌಂಟರಿನ ಪುಸ್ತಕ ತಿರುವಿದೆ. ಮೂರು, ಮುಚ್ಚಿತು. ಮೂರು, ಮುಚ್ಚಿತು. ಆಗ ಕಣ್ಣಿಗೆ ಬಿತ್ತು: ಒಂದು ಭಾನುವಾರವೂ ಮುಚ್ಚಿರಲಿಲ್ಲ. ಭಾನುವಾರ ಆ ಮಷೀನಿನಲ್ಲಿ ಕಾಲೇಜು ಹುಡುಗರು ಇಡೀ ದಿನ ಕೂರುತ್ತಿದ್ದರು. ಮಳೆ ಅಷ್ಟೇ, ಇರುಚಲು ಅಷ್ಟೇ. ಥಂಡಿಗೆ ವಾರ ಗೊತ್ತಾಗುವುದಿಲ್ಲ. ಭಾನುವಾರ ಇಲ್ಲದ್ದು ಪದ್ಮಯ್ಯ, ಮತ್ತು ಅವರ ಮೋಡದ ಪುಟ.

ಮರುದಿನವೇ ಬಣಕಲ್ಲಿಗೆ ಹೋಗಿ, ಕಾಲಿಗೆ ಬೀಳದೆ, ಪುಸ್ತಕ ಬಿಡಿಸಿ ತೋರಿಸಿದೆ. ಪದ್ಮಯ್ಯ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ನೀನು ಕದ್ದಿಲ್ಲ ಅಂತ ನೀನು ಹೇಳ್ತೀಯ. ಕದ್ದಿದ್ದಾಳೆ ಅಂತ ಪೇಟೆ ಹೇಳ್ತದೆ. ನಂಗೆ ಎರಡೂ ಗೊತ್ತಿಲ್ಲ," ಎಂದರು. "ನಮ್ಮ ಮಾಪಕದ ಮೇಲೆ ಧಣಿಗಳಿಗೆ ಒಂದ್ಸಲ ಅನುಮಾನ ಬಂದಿತ್ತು. ಮರದ ಹನಿ ಬೀಳ್ತದೆ, ಜಾಸ್ತಿ ತೋರಿಸ್ತದೆ ಅಂತ. ಜಗಳ ಮಾಡ್ಲಿಲ್ಲ. ಇನ್ನೊಂದು ತರ್ಸಿ ಬಯಲಲ್ಲಿ ಇಟ್ವಿ. ಎರಡನ್ನೂ ದಿನಾ ಅಳೆದ್ವಿ. ಹಾಗೆ ಮಾಡಣ."

ಹಾಗೆಯೇ ಮಾಡಿದೆವು. ಎರಡು ಹೊಸ ಮೇಲ್ ಖಾತೆ. ಒಂದು ಒಂದನೇ ನಂಬರ್ ಮಷೀನಿನಲ್ಲಿ: ಅಲ್ಲಿ ಮೊದಲು ಮೋಡದ ಪುಟ ತೆರೆಯುವುದು, ಆಮೇಲೆ ಮೇಲ್. ಇನ್ನೊಂದು ಐದನೇ ನಂಬರಿನಲ್ಲಿ: ಅಲ್ಲಿ ಆ ಪುಟ ಮುಟ್ಟುವುದೇ ಇಲ್ಲ. ಎರಡೂ ಖಾತೆಯ ವಿಳಾಸ ಪಟ್ಟಿಯಲ್ಲಿ ಒಂದೇ ಹೆಸರು, ಮಂಜಣ್ಣನವರದು; ಖಾತೆ ಕದ್ದವನು ಕಸದ ಪತ್ರ ಕಳಿಸಿದರೆ ಅದು ಅವರಿಗೂ ಬರಬೇಕು. ಪಾಸ್‌ವರ್ಡ್ ಟೈಪು ಮಾಡುವಾಗ ಪದ್ಮಯ್ಯ ನನ್ನನ್ನು ಹೊರಗೆ ಕಳಿಸಿದರು. ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು, ಮಳೆಯಲ್ಲಿ ನೆನೆಯುತ್ತಿದ್ದ ಬಸ್ಸುಗಳನ್ನು ನೋಡುತ್ತ, ಒಳಗೆ ಒಂದೇ ಬೆರಳು ಟಕ್ ಟಕ್ ಎನ್ನುವುದನ್ನು ಕೇಳಿಸಿಕೊಂಡೆ. ಒಂದನೇ ನಂಬರು ಬೆಚ್ಚಗಿನ ಮೂಲೆಯದು, ಎಂದೂ ಮುನಿಸಿಕೊಂಡದ್ದಲ್ಲ. ಮೋಡ ಮೂಡಿದ ಮರುಕ್ಷಣ ಅದರ ಬ್ರೌಸರೂ ಮುಚ್ಚಿಕೊಂಡಿತು. ಮಂಜಣ್ಣನವರ ಕೈ ಅಭ್ಯಾಸಬಲದಿಂದ ಬಲ್ಬಿನ ಕಡೆ ಹೋಯಿತು. ಪದ್ಮಯ್ಯ ತಡೆದರು: "ಕೈ ಹಾಕ್ಬೇಡ ಮಾರಾಯ. ಅಳತೆ ನಡೀತದೆ."

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಮಂಜಣ್ಣ ತಮ್ಮ ಮೇಲ್ ತೆರೆದವರು ಕುರ್ಚಿ ಹಿಂದಕ್ಕೆ ತಳ್ಳಿದರು.

"ಬಂತು."

"ಎಂಥದು?"

"ಮಾತ್ರೆ," ಎಂದರು. ಕಿವಿ ಕೆಂಪಾಗಿತ್ತು. "ಒಂದನೇ ನಂಬರಿಂದ. ಐದನೇದ್ರಿಂದ ಎಂತ ಇಲ್ಲ."

ಪದ್ಮಯ್ಯ ಜೇಬಿನಿಂದ ಪೆನ್ನು ತೆಗೆದು ಕೌಂಟರಿನ ಪುಸ್ತಕದಲ್ಲಿ ಅದನ್ನು ಬರೆದು, ಕೆಳಗೆ ಸಹಿ ಹಾಕಿ, ನಾಗರಾಜನ ಅಂಗಡಿಗೆ ತೆಗೆದುಕೊಂಡು ಹೋಗಿ ತೋರಿಸಿ ಬಂದರು. ಮೂವತ್ತು ವರ್ಷ ಹಾಜರಿ ಬರೆದವರ ಸಹಿಗೆ ಪೇಟೆಯಲ್ಲಿ ಎದುರು ಮಾತಿರಲಿಲ್ಲ. ಸಂಜೆ ನಾಗರಾಜ ಬಂದು ಕ್ಷಮೆಯನ್ನೇನೂ ಕೇಳಲಿಲ್ಲ. ಒಂದು ಗಂಟೆ ಬ್ರೌಸ್ ಮಾಡಿ ಹೋದ. ಅಷ್ಟೇ ಸಾಕಾಗಿತ್ತು.

ಒಂದು ಚಿತ್ರ ನೋಡಿದ ಮಾತ್ರಕ್ಕೆ ಕಳ್ಳ ಹೇಗೆ ಒಳಗೆ ಬರುತ್ತಾನೆಂದು ನನಗೂ ಗೊತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲೇ ಹುಡುಕಿದೆ. ಬ್ರೌಸರುಗಳ ದೋಷಗಳ ಬಗ್ಗೆ ಬಲ್ಲವರು ಬರೆಯುವ ಒಂದು ಪಟ್ಟಿ ಸಿಕ್ಕಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ಬೆಳಿಗ್ಗೆ ಓದಿದೆ. ಪದ್ಮಯ್ಯ ಬಂದಾಗ ಹೇಳಲು ಕೂತೆ. ಅವರಿಗೆ ಅರ್ಥವಾದರೆ ನನಗೆ ಅರ್ಥವಾಗಿದೆ ಎಂದು ಲೆಕ್ಕ.

"ರೈಟ್ರೇ, ಹಾಜರಿ ಪುಸ್ತಕದಲ್ಲಿ ಹೆಸರಿಗೆ ಎಷ್ಟು ಜಾಗ?"

"ಇಷ್ಟು." ಮೂರು ಬೆರಳು ತೋರಿಸಿದರು.

"ಅದರ ಪಕ್ಕದ ಕಾಲಮ್ಮಲ್ಲಿ?"

"ಇವತ್ತು ಎಂಥ ಕೆಲಸ ಅಂತ. ಗೊಬ್ಬರನಾ, ಚಿಗುರಾ, ಮರಗಸಿನಾ."

"ಒಬ್ಬ ಹೊಸ ಆಳು ಬಂದ. ಸಣ್ಣ ಹೆಸರು, ಬರ್ಕೊಳ್ಳಿ ಅಂದ. ಆಮೇಲೆ ಹೇಳ್ತಾನೇ ಹೋದ, ನಿಲ್ಲಿಸಲೇ ಇಲ್ಲ. ನೀವು ತಲೆ ಎತ್ತದೆ ಬರೀತಾ ಹೋದ್ರಿ. ಹೆಸರು ಗೆರೆ ದಾಟಿ ಕೆಲಸದ ಕಾಲಮ್ಮಿಗೆ ಬಂತು. ಅವನು ಕೊನೆಗೆ 'ಗೋಡೌನ್ ಬಾಗಿಲು ತೆಗೆದುಬಿಡು' ಅಂತ ಸೇರಿಸಿದ. ಆಮೇಲೆ ಮೇಸ್ತ್ರಿ ಪುಸ್ತಕ ನೋಡ್ತಾನೆ."

ಪದ್ಮಯ್ಯ ಮೇಜಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು. "ಕೆಲಸದ ಕಾಲಮ್ಮಲ್ಲಿ ಅದೆ, ನನ್ನ ಅಕ್ಷರದಲ್ಲೇ ಅದೆ. ಮೇಸ್ತ್ರಿ ತೆಗೀತಾನೆ. ಅವನ ತಪ್ಪಲ್ಲ."

"ಮೋಡದ ಪುಟದೊಳಗೆ ಯಾರೋ ಅಂಥ ಒಂದು ಚಿತ್ರ ಸೇರಿಸಿದ್ದಾರೆ. ಇಷ್ಟೇ ಉದ್ದ ಅಂತ ಹೇಳ್ಕೊಂಡು ಬರ್ತದೆ, ಬ್ರೌಸರು ಅಷ್ಟೇ ಜಾಗ ಕೊಡ್ತದೆ. ಬಂದ ಮೇಲೆ ಗೆರೆ ದಾಟಿ, ಮುಂದೆ ಏನು ಮಾಡ್ಬೇಕು ಅಂತ ಬ್ರೌಸರು ಬರೆದಿಟ್ಕೊಂಡ ಜಾಗದ ಮೇಲೆ ತನ್ನದನ್ನ ಬರೀತದೆ. ಬಾಗಿಲು ತೆಗೆದ ಮೇಲೆ ಬ್ರೌಸರು ಬಿದ್ದು ಹೋಗ್ತದೆ. ನಾವು ಥಂಡಿ ಅಂದ್ವಿ. ಒಳಗೆ ಬಂದವನು ನೀವು ಪಾಸ್‌ವರ್ಡ್ ಒತ್ತೋದನ್ನ ನೋಡ್ತಾ ಕೂತಿದ್ದ."

"ಗೆರೆ ದಾಟಿದ್ದು ನೋಡದ ರೈಟರ್ ಎಂಥ ರೈಟರು?"

"ಆ ದೋಷ ಸರಿ ಮಾಡಿದ್ದಾರಂತೆ."

"ಯಾವಾಗ?"

ಅಭ್ಯಾಸಬಲ. ಮಳೆ ಎಷ್ಟೆಂದು ಹೇಳಿದರೆ ಯಾವ ತಾರೀಕು ಎಂದು ಕೇಳುವವರು ಅವರು. ನಾನು ತಾರೀಕು ನೋಡಿರಲಿಲ್ಲ. "ನೋಡಿ ಹೇಳ್ತೀನಿ," ಎಂದೆ.

ಅವರು ಬಸ್ಸಿಗೆ ಹೋದ ಮೇಲೆ ನೋಡಿದೆ. ನಮ್ಮ ಮಷೀನು ಮೊದಲ ಸಲ ಮುಚ್ಚಿಕೊಳ್ಳುವುದಕ್ಕೆ ಎರಡು ವಾರ ಮೊದಲೇ ಸರಿಪಡಿಸಿದ ಬ್ರೌಸರು ಬಿಡುಗಡೆಯಾಗಿತ್ತು. ದಿನಾ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಒಂದು ಹಳದಿ ಚೌಕ ಎದ್ದು, ಹೊಸದು ಬಂದಿದೆ, ಹಾಕಲೇ ಎಂದು ಕೇಳುತ್ತಿತ್ತು. ಹಾಕಿದರೆ ಒಂದೇ ಫೋನ್ ಲೈನು ಇಡೀ ಬೆಳಿಗ್ಗೆ ಅದಕ್ಕೇ ಹೋಗುತ್ತದೆ, ಗಿರಾಕಿಗಳು ಗೊಣಗುತ್ತಾರೆ. ಹಾಗಾಗಿ ದಿನಾ ಬೆಳಿಗ್ಗೆ, ಐದೂ ಮಷೀನಿನಲ್ಲಿ, 'ಆಮೇಲೆ' ಎಂಬುದನ್ನು ಒತ್ತುತ್ತಿದ್ದೆ. ಮಂಜಣ್ಣನವರಿಗೆ ಅಂಥದ್ದೊಂದು ಚೌಕ ಇದೆಯೆಂದೇ ಗೊತ್ತಿರಲಿಲ್ಲ. ಇಡೀ ಮೂಡಿಗೆರೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪದ್ಮಯ್ಯನವರಿಗೆ ಬೇರೊಂದು ತಾರೀಕು ಹೇಳಬಹುದಿತ್ತು. ಇಂಗ್ಲಿಷಿನ ಪಟ್ಟಿ ಅವರೆಲ್ಲಿ ಓದುತ್ತಾರೆ? ನನಗೆ ವಾಪಸು ಬಂದ ಒಳ್ಳೆಯ ಹೆಸರು ಇನ್ನೂ ನಾಲ್ಕು ದಿನದ್ದು. ಮಾಡದ ತಪ್ಪಿಗೆ ಬೀಳಬೇಡ ಎಂದು ಅಮ್ಮನಿಗೆ ಹೇಳಿದ್ದೆ. ಮಾಡಿದ ತಪ್ಪಿಗೆ ಏನು ಮಾಡಬೇಕೆಂದು ಆಗ ಹೇಳಿರಲಿಲ್ಲ.

ಮರುದಿನ ಬಾಗಿಲಿಗೆ 'ಇವತ್ತು ರಜೆ' ಎಂಬ ಬೋರ್ಡು ತೂಗುಹಾಕಿ, ಐದೂ ಮಷೀನಿಗೆ ಹೊಸ ಬ್ರೌಸರು ಇಳಿಸಲು ಕೂತೆ. ಮಂಜಣ್ಣನವರಿಗೆ ಮೊದಲು ಹೇಳಿದೆ. "ನಂಗೆ ಈ ಚೌಕ ಪಾಕ ಎಲ್ಲ ತಿಳಿಯಲ್ಲ," ಎಂದು ಸ್ವಲ್ಪ ಹೊತ್ತು ಮುಖ ಒರೆಸಿಕೊಂಡು, "ಆ ಬಲ್ಬುಗಳನ್ನ ತೆಗೀಲಾ ಹಂಗಾರೆ?" ಎಂದರು. ಇರಲಿ ಎಂದೆ, ಥಂಡಿಯೂ ಸುಳ್ಳಲ್ಲವಲ್ಲ.

ಹತ್ತರ ಬಸ್ಸಿಗೆ ಪದ್ಮಯ್ಯ ಬಂದರು. ರಜೆಯ ಬೋರ್ಡು ಅವರಿಗೆ ಲೆಕ್ಕವಿಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಒಂದು ಪುಸ್ತಕವಿತ್ತು. ಕೂರುವ ಮೊದಲೇ ಹೇಳಿಬಿಟ್ಟೆ, ತಾರೀಕು ಮೊದಲು, ಹಳದಿ ಚೌಕ ಆಮೇಲೆ. "ಕದ್ದದ್ದು ನಾನಲ್ಲ. ಬಾಗಿಲು ತೆರೆದಿಟ್ಟದ್ದು ನಾನೇ. ನಿಮ್ಮ ಒಂಬತ್ತು ವರ್ಷ ಹೋದದ್ದು ಅದರಿಂದ."

ಅವರು ಕೊಡೆ ಮಡಚಿ ಮೂಲೆಯಲ್ಲಿಟ್ಟರು. ಕನ್ನಡಕ ಒರೆಸಿದರು. ಹೊರಗೆ ಕಳಸದ ಬಸ್ಸಿನ ಕಂಡಕ್ಟರು ಕೂಗಿ ಕೂಗಿ ಸುಮ್ಮನಾದ. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಆ ಒಂಬತ್ತು ವರ್ಷದಲ್ಲಿ ಆ ದೊಡ್ಡ ಮಳೆಯ ವರ್ಷ ಸೇರಿರ್ಲಿಲ್ಲ," ಎಂದು ಕೊನೆಗೆ ಹೇಳಿ ಪ್ಲಾಸ್ಟಿಕ್ ಬಿಚ್ಚಿದರು. "ಅದು ಇದ್ರಲ್ಲಿ ಅದೆ. ಟೈಪು ಮಾಡ್ಬೇಕಾ ಬೇಡ್ವಾ ಅಂತ ಇದನ್ನ ಹಿಂದಕ್ಕೆ ಹಾಕ್ತಾ ಬಂದೆ."

ಜುಲೈ ತಿಂಗಳ ಪುಟ ತೆಗೆದು ಮೂರು ಸಾಲಿನ ಮೇಲೆ ಬೆರಳಿಟ್ಟರು. ಉಳಿದ ಎಲ್ಲ ಸಾಲಿಗಿಂತ ದೊಡ್ಡ ಅಂಕಿಗಳು, ಚೆಂದದ ಅಕ್ಷರ. ಆ ಮಳೆಯ ಮಾತನ್ನು ನಾನೂ ಕೇಳಿ ಬೆಳೆದವಳು. ಧಣಿಗಳು ಬಂದ ನೆಂಟರಿಗೆಲ್ಲ ಆ ಅಂಕಿಗಳನ್ನು ಬಾಯಿಪಾಠ ಹೇಳುತ್ತಿದ್ದರು.

"ಚಳಿಜ್ವರ ಬಂದು ಮಲಗಿದ್ದೆ," ಎಂದರು ಪದ್ಮಯ್ಯ. "ನಾಲ್ಕನೇ ದಿನ ಎದ್ದು ಹೋದ್ರೆ ಮಾಪಕ ತುಂಬಿ ಹೊರಗೆ ಚೆಲ್ಲಿತ್ತು. ಹಳ್ಳದ ಕೆಸರಿನ ಗುರುತು ನೋಡಿ ಅಂದಾಜಿಗೆ ಬರೆದೆ. ಇಷ್ಟು ವರ್ಷ ಒಬ್ರಿಗೂ ಹೇಳಿಲ್ಲ."

ಐದನೇ ನಂಬರಿನಲ್ಲಿ ಹೊಸ ಬ್ರೌಸರು ಇಳಿದು ಮುಗಿದಿತ್ತು. ಅವರನ್ನು ಅಲ್ಲಿ ಕೂರಿಸಿದೆ. ಟೈಪಾದ ಪುಸ್ತಕ ಇನ್ನು ಒಲೆಗೆ ಹೋಗಕೂಡದೆಂದು ಷರತ್ತು ಹಾಕಿದೆ; ತಲೆಯಾಡಿಸಿದರು. ಅವರು ಓದುತ್ತ ಹೋದರು, ನಾನು ಒತ್ತುತ್ತ ಹೋದೆ, ತಾರೀಕಿನ ಹಿಂದೆ ತಾರೀಕು. ಆ ಮೂರು ದಿನ ಬಂದಾಗ ಅವರ ದನಿ ನಿಂತಿತು.

"ಇಲ್ಲಿ ಏನ್ ಹಾಕ್ಲಿ ರೈಟ್ರೇ?"

"ಅಳೆದಿಲ್ಲ ಅಂತ ಹಾಕು."

ಹಾಕಿದೆ, ಮೂರು ಸಲ.